ಮಿದುಳಿಗೆ ಪೆಟ್ಟಾದವರ ಮನೆಗೆ ಹಣದ ನೆರವು: ಮಂಗಳೂರು, ಉಡುಪಿಯವರಿಗೆ ಒಂದು ಮಾರ್ಗದರ್ಶಿ

ತಲೆಗೆ ಪೆಟ್ಟಾಗಿ ಒಬ್ಬರು ಐಸಿಯುನಲ್ಲಿರುವಾಗ ಮನೆಯವರು ಜೀವ ಉಳಿದರೆ ಸಾಕು ಎಂದಷ್ಟೇ ಯೋಚಿಸುತ್ತಾರೆ. ಅದು ಸಹಜ. ಆದರೆ ಮುಂದೆ ಸಿಗಬೇಕಾದ ಹಣಕ್ಕೆ ಬೇಕಾಗುವ ಕಾಗದಗಳಲ್ಲಿ ಅರ್ಧದಷ್ಟು ತಯಾರಾಗುವುದು ಆ ದಿನಗಳಲ್ಲೇ. ಆಗ ಒಂದು ಸಾಲು ತಪ್ಪಿದರೆ ವರ್ಷಗಳ ನಂತರ ಅದರ ಪೆಟ್ಟು ಬೀಳುತ್ತದೆ.

ಸ್ಕೂಟರ್ ಸ್ಕಿಡ್ ಆಗಿ ಬಿದ್ದವರು, ಹೆದ್ದಾರಿ ದಾಟುವಾಗ ವಾಹನ ಗುದ್ದಿದವರು, ಅಡಿಕೆ ಮರದಿಂದಲೋ ಕಟ್ಟಡದಿಂದಲೋ ಬಿದ್ದವರು, ಬೋಟಿನಲ್ಲಿ ಪೆಟ್ಟು ಮಾಡಿಕೊಂಡವರು, ಸ್ಟ್ರೋಕ್ ಆದವರು, ಇವರೆಲ್ಲರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಕುಟುಂಬಗಳ ಜೊತೆ ಆಸ್ಪತ್ರೆ, ನಾಡಕಚೇರಿ, ಕೋರ್ಟು ಎಂದು ಓಡಾಡಿ ನಾನು ತಿಳಿದುಕೊಂಡ ಮುಖ್ಯ ವಿಷಯ ಒಂದಿದೆ. ನಮ್ಮ ಸರ್ಕಾರಿ ಅರ್ಜಿಗಳಲ್ಲಿ "ಮಿದುಳಿನ ಪೆಟ್ಟು" ಎನ್ನುವ ಕಾಲಮ್ಮೇ ಇಲ್ಲ. ಕೈಕಾಲಿಗೆ ಇದೆ, ಕಣ್ಣಿಗೆ ಇದೆ, ಕಿವಿಗೆ ಇದೆ. ಮಿದುಳಿಗೆ ಪೆಟ್ಟಾದವರು ಕಳೆದುಕೊಂಡ ನೆನಪು, ಮಾತು, ತಾಳ್ಮೆ, ಲೆಕ್ಕಾಚಾರ ಯಾವುದೂ ಹೊರಗೆ ಕಾಣುವುದಿಲ್ಲ. ಕಾಣದ್ದನ್ನು ಯಾರಾದರೂ ಪರೀಕ್ಷೆ ಮಾಡಿ ಕಾಗದದಲ್ಲಿ ಬರೆಯದಿದ್ದರೆ ಅದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಕೆಳಗೆ ಹೇಳುವ ಹೆಚ್ಚಿನ ಕೆಲಸಗಳ ಉದ್ದೇಶ ಅದನ್ನು ಬರೆಸುವುದೇ.

ಆಸ್ಪತ್ರೆಗೆ ಸೇರಿಸಿದ ದಿನವೇ ಮಾಡಬೇಕಾದದ್ದು

ಅಡ್ವಾನ್ಸ್ ಕಟ್ಟುವ ಮೊದಲು "ಆರೋಗ್ಯ ಮಿತ್ರ ಎಲ್ಲಿದ್ದಾರೆ?" ಎಂದು ಕೇಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ ಆ ಹೆಸರಿನ ಸಿಬ್ಬಂದಿ ಇರುತ್ತಾರೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ ಇದೆ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಮಾತ್ರ ಅಲ್ಲ, ಇಲ್ಲಿನ ಹಲವು ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಈ ಯೋಜನೆಯಲ್ಲಿವೆ. ಮಾಮೂಲಿ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಜೀವಕ್ಕೆ ಅಪಾಯವಿರುವ ತುರ್ತು ಚಿಕಿತ್ಸೆಗೆ ಬೇಡ. ತಲೆಗೆ ಪೆಟ್ಟಾಗಿ ತುರ್ತು ಆಪರೇಷನ್‌ಗೆ ಹೋಗುತ್ತಿರುವಾಗ "ಮೊದಲು ವೆನ್ಲಾಕ್‌ನಿಂದ ಚೀಟಿ ತನ್ನಿ" ಎಂದರೆ ತಕ್ಷಣ 104ಕ್ಕೆ ಫೋನ್ ಮಾಡಿ ವಿಚಾರಿಸಿ.

ಈ ಯೋಜನೆ ನಗದುರಹಿತ. ನೀವು ಕೈಯಿಂದ ಕಟ್ಟಿ ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುವ ವ್ಯವಸ್ಥೆ ಅಲ್ಲ. ಬಂಗಾರ ಅಡವಿಟ್ಟು ಹಣ ಕಟ್ಟಿ, ವಾರದ ನಂತರ ಕಾರ್ಡಿನ ನೆನಪು ಮಾಡಿಕೊಂಡವರನ್ನು ನೋಡಿ ತುಂಬ ಬೇಸರವಾಗುತ್ತದೆ. ಒಬ್ಬರು ರೋಗಿಯ ಹತ್ತಿರ ನಿಲ್ಲಲಿ, ಇನ್ನೊಬ್ಬರು ಮನೆಗೆ ಹೋಗಿ ರೇಷನ್ ಕಾರ್ಡ್, ಆಧಾರ್ ತರಲಿ.

ರಸ್ತೆ ಅಪಘಾತವಾದರೆ ಇನ್ನೊಂದು ದಾರಿ ಉಂಟು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತದ ದಿನದಿಂದ 7 ದಿನಗಳವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್, ಎಪಿಎಲ್ ಎಂಬ ಭೇದ ಇಲ್ಲ. ಇದಕ್ಕೆ ಗೊತ್ತುಪಡಿಸಿದ ಆಸ್ಪತ್ರೆ ಆಗಿರಬೇಕು ಮತ್ತು ಅಪಘಾತವನ್ನು ಪೊಲೀಸರು ದೃಢಪಡಿಸಬೇಕು. ಹಾಗಾಗಿ 112ಕ್ಕೆ ಕರೆ ಮಾಡಿದ್ದರೆ ಕೆಲಸ ಸುಲಭ.

ಎಂಎಲ್‌ಸಿ ಆಗಿದೆಯೇ ಎಂದೂ ಅದೇ ದಿನ ಕೇಳಬೇಕು. ಅಪಘಾತ, ಹಲ್ಲೆ, ಬೀಳುವಿಕೆ ಇಂಥ ಪ್ರಕರಣಗಳನ್ನು ಆಸ್ಪತ್ರೆ ಪೊಲೀಸರಿಗೆ ತಿಳಿಸುವ ದಾಖಲೆ ಅದು. "ಗುದ್ದಿದವರು ಪರಿಚಯದವರೇ, ಕೇಸ್ ಯಾಕೆ, ಅವರೇ ಖರ್ಚು ಕೊಡುತ್ತಾರಂತೆ" ಎಂದು ಹಿರಿಯರು ಸಮಾಧಾನ ಹೇಳುವುದು ನಮ್ಮ ಊರಲ್ಲಿ ಜಾಸ್ತಿ. ಒಪ್ಪಬೇಡಿ. ವಾಹನಕ್ಕೆ ವಿಮೆ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಪರಿಚಯದವರಿಗೆ ದೊಡ್ಡ ಹೊರೆಯೇನೂ ಬೀಳುವುದಿಲ್ಲ. ಕೇಸ್ ಇಲ್ಲದಿದ್ದರೆ ನಿಮಗೆ ಪರಿಹಾರ ಸಿಗುವುದು ಬಹಳ ಕಷ್ಟ.

ಡಿಸ್ಚಾರ್ಜ್ ಆಗುವಾಗ ಆ ಕಾಗದವನ್ನು ಓದಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ರೋಗಿಯ ಸ್ಥಿತಿ ಹೇಗಿದೆ ಎಂದು ಒಂದು ಸಾಲು ಇರುತ್ತದೆ. "ಕಾನ್ಶಿಯಸ್, ಓರಿಯೆಂಟೆಡ್, ಸ್ಟೇಬಲ್" ಎಂದು ಬರೆದಿರುತ್ತಾರೆ. ವೈದ್ಯರ ಲೆಕ್ಕದಲ್ಲಿ ಅದು ಸರಿಯೇ. ಪ್ರಜ್ಞೆ ಇದೆ, ಹೆಸರು ಕೇಳಿದರೆ ಹೇಳುತ್ತಾರೆ, ಮನೆಗೆ ಹೋಗಬಹುದು ಎಂದರ್ಥ. ಎರಡು ವರ್ಷದ ನಂತರ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಇದೇ ಸಾಲನ್ನು ಓದಿ "ಇವರು ಗುಣವಾಗಿಯೇ ಮನೆಗೆ ಹೋಗಿದ್ದಾರಲ್ಲ" ಎನ್ನುತ್ತಾರೆ. ಹಾಗಾಗಿ ನಿಮ್ಮವರು ನಿನ್ನೆಯದನ್ನು ಮರೆಯುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ, ಸಣ್ಣದಕ್ಕೆ ಸಿಟ್ಟು ಬರುತ್ತಿದ್ದರೆ, ಬಾತ್‌ರೂಮಿಗೆ ಜೊತೆ ಬೇಕಾದರೆ, ಅದನ್ನು ಡಾಕ್ಟರಿಗೆ ಹೇಳಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಆಗದಿದ್ದರೆ ಮುಂದಿನ ಒಪಿಡಿ ಭೇಟಿಯಲ್ಲಿ ಹೇಳಿ. ಒಪಿಡಿ ಚೀಟಿಯೂ ದಾಖಲೆಯೇ.

ಒಂದು ಫೈಲ್ ಮಾಡಿ. ಎಫ್‌ಐಆರ್, ಗಾಯದ ಪ್ರಮಾಣಪತ್ರ, ಮೊದಲ ದಿನದ ಸಿಟಿ ಸ್ಕ್ಯಾನ್ ವರದಿ, ಗ್ಲಾಸ್ಗೋ ಕೋಮಾ ಸ್ಕೇಲ್ (ಪ್ರಜ್ಞೆಯ ಮಟ್ಟದ ಅಳತೆ) ಅಂಕ ಇರುವ ಕಾಗದ, ಮೆಡಿಕಲ್ ಶಾಪಿನ ಪ್ರತಿ ಬಿಲ್, ಆಂಬುಲೆನ್ಸ್ ರಸೀದಿ, ಫಿಸಿಯೋಥೆರಪಿಗೆ ಹೋದ ರಿಕ್ಷಾ ಬಾಡಿಗೆಯ ಲೆಕ್ಕ ಎಲ್ಲ ಅದರಲ್ಲಿರಲಿ. ಮೂಲಪ್ರತಿಯನ್ನು ಯಾರಿಗಾದರೂ ಕೊಡಬೇಕಾಗಿ ಬಂದರೆ ಸ್ವೀಕೃತಿ ಸೀಲ್ ಇರುವ ಪ್ರತಿ ಇಟ್ಟುಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್. ಇಂದು ಏನು ಮರೆತರು, ಯಾರು ಸ್ನಾನ ಮಾಡಿಸಿದರು, ಯಾರು ಕೆಲಸಕ್ಕೆ ರಜೆ ಹಾಕಿದರು ಎಂದು ದಿನಕ್ಕೆ ಎರಡು ಸಾಲು ಬರೆದರೆ ಸಾಕು. ಇದರ ಬೆಲೆ ಮುಂದೆ ಗೊತ್ತಾಗುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರ: ಇಲ್ಲಿ ಸಮಯ ಕೊಡಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಿದುಳಿನ ಪೆಟ್ಟು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಅಂದರೆ ಸೌಲಭ್ಯ ಇಲ್ಲ ಎಂದಲ್ಲ. ಪೆಟ್ಟಿನಿಂದ ಏನೇನು ಹೋಯಿತೋ ಅದರ ಹೆಸರಿನಲ್ಲಿ ಪ್ರಮಾಣಪತ್ರ ಪಡೆಯಬೇಕು. ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪಿದ್ದರೆ ಅದು ಚಲನೆಗೆ ಸಂಬಂಧಿಸಿದ ಅಂಗವೈಕಲ್ಯ. ಮಾತು ಹೊರಡದಿದ್ದರೆ, ಶಬ್ದ ಸಿಗದಿದ್ದರೆ ಅದು ಅಫೇಸಿಯಾ. ಕಾಯ್ದೆಯ "ಮಾತು ಮತ್ತು ಭಾಷೆಯ ಅಂಗವೈಕಲ್ಯ"ದಲ್ಲಿ ಅಫೇಸಿಯಾದ ಹೆಸರೇ ಇದೆ. ನೋಟ ಕುಂದಿದ್ದರೆ ಅದು ಬೇರೆ. ಇನ್ನು ನೆನಪು, ವಿವೇಚನೆ, ನಡವಳಿಕೆ. ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯ ವಿವರಣೆಯೊಳಗೆ ಯೋಚನೆ, ಮನಃಸ್ಥಿತಿ, ನೆನಪು ತೀವ್ರವಾಗಿ ಕೆಟ್ಟು ದಿನದ ಬದುಕು ನಡೆಸಲಾಗದ ಸ್ಥಿತಿಯೂ ಸೇರಿದೆ. ಇದನ್ನು ಮನೋವೈದ್ಯರು ಅಳೆಯುತ್ತಾರೆ.

ಈ ಕೊನೆಯದಕ್ಕೆ ನಮ್ಮವರು ಹಿಂದೇಟು ಹಾಕುತ್ತಾರೆ. ಮಲ್ಪೆಯ ಕಡೆ ಮೀನಿನ ಟೆಂಪೊ ಓಡಿಸುತ್ತಿದ್ದ ಒಬ್ಬ ಯುವಕ ನೆನಪಾಗುತ್ತಾನೆ. ಅವನ ಕೈಕಾಲು ಸರಿಯಾಗಿಯೇ ಇವೆ. ನೋಡಿದರೆ ಏನೂ ಆಗಿಲ್ಲ ಎನ್ನಬೇಕು. ಅಂಗಡಿಗೆ ಕಳಿಸಿದರೆ ಹಾಲು ತರುತ್ತಾನೆ, ಚಿಲ್ಲರೆ ಎಷ್ಟು ಬರಬೇಕು ಎಂದು ಗೊತ್ತಾಗುವುದಿಲ್ಲ. ಅನ್ನ ಉಂಡು ಅರ್ಧ ಗಂಟೆಗೆ "ಇನ್ನೂ ಬಡಿಸಲಿಲ್ಲವಾ?" ಎಂದು ಕೇಳುತ್ತಾನೆ. ಮೆಡಿಕಲ್ ಬೋರ್ಡಿನಲ್ಲಿ ಮೂಳೆ ಡಾಕ್ಟರು ನೋಡಿ ಬಹಳ ಕಡಿಮೆ ಶೇಕಡಾ ಬರೆದರು. ಅವರ ವಿಭಾಗದ ಲೆಕ್ಕದಲ್ಲಿ ಅದು ತಪ್ಪಲ್ಲ. ಮನೋವೈದ್ಯರ ಹತ್ತಿರ ಹೋಗೋಣ ಎಂದಾಗ ತಾಯಿ, "ನನ್ನ ಮಗನಿಗೆ ಮರ್ಲ್ ಅಲ್ಲ ಮಾರಾಯ್ರೆ, ತಲೆಗೆ ಪೆಟ್ಟಾದದ್ದು" ಎಂದು ಕಣ್ಣೀರು ಹಾಕಿದರು. ಆ ನೋವು ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಹೋಗಿ. ಮನೋವೈದ್ಯರ ಸಹಿ ಬಿದ್ದ ಮಾತ್ರಕ್ಕೆ ಯಾರೂ ಹುಚ್ಚರಾಗುವುದಿಲ್ಲ. ಆ ಸಹಿ ಇಲ್ಲದೆ ಅವನ ನಿಜವಾದ ಕಷ್ಟ ಯಾವ ಕಾಗದದಲ್ಲೂ ಬರುವುದಿಲ್ಲ.

ಕ್ರಮ ಹೀಗಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಿಮಗೆ ಆಗದಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹುಡುಕಿ. ಅರ್ಜಿ ಹಾಕಿದ ನಂತರ ವೆನ್ಲಾಕ್ ಅಥವಾ ಅಜ್ಜರಕಾಡಿನಂಥ ಸರ್ಕಾರಿ ಆಸ್ಪತ್ರೆಯ ಬೋರ್ಡ್ ಪರೀಕ್ಷೆ ಮಾಡುತ್ತದೆ. ಹೋಗುವ ಮೊದಲೇ ವಾಕ್ ಚಿಕಿತ್ಸಕರ ವರದಿ, ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡಿದ ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆಯ ವರದಿ ಕೈಯಲ್ಲಿರಲಿ. ಮಂಗಳೂರು, ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ಕಲಿಸುವ ಕಾಲೇಜುಗಳಿವೆ. ಅವುಗಳ ಒಪಿಡಿಯಲ್ಲಿ ವಿಚಾರಿಸಿ ನೋಡಿ. ದೇಶದಲ್ಲಿ ಕೆಲವೇ ಊರುಗಳಿಗೆ ಇರುವ ಅನುಕೂಲ ಇದು. ಬೋರ್ಡಿನ ಮುಂದೆ ರೋಗಿ "ನನಗೇನೂ ತೊಂದರೆ ಇಲ್ಲ" ಎಂದುಬಿಡಬಹುದು. ತನ್ನ ಕೊರತೆ ತನಗೇ ತಿಳಿಯದಿರುವುದು ಮಿದುಳಿನ ಪೆಟ್ಟಿನಲ್ಲಿ ಸಾಮಾನ್ಯ. ಹಾಗಾಗಿ ಜೊತೆಗೆ ಇರುವವರು ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.

ಒಂದಕ್ಕಿಂತ ಹೆಚ್ಚು ಕೊರತೆ ಇದ್ದರೆ ಎಲ್ಲವನ್ನೂ ಸೇರಿಸಿ ಬರೆಯಲು ಕೇಳಿಕೊಳ್ಳಿ. ಇದು ಶೇಕಡಾವಾರಿನ ಪ್ರಶ್ನೆ ಮಾತ್ರ ಅಲ್ಲ. ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯದ ಜೊತೆಗೆ "ಬಹುವಿಧ ಅಂಗವೈಕಲ್ಯ" ಇರುವವರಿಗೂ ಸಿಗುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಒಪಿಡಿ ಮತ್ತು ಥೆರಪಿ ಖರ್ಚೂ ಸೇರಿ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ನಡೆಯುವ ಫಿಸಿಯೋ, ಸ್ಪೀಚ್ ಥೆರಪಿಗೆ ಆಯುಷ್ಮಾನ್ ಕಾರ್ಡ್ ಹೆಚ್ಚಾಗಿ ಒದಗುವುದಿಲ್ಲ. ಅಲ್ಲಿ ನಿರಾಮಯ ಸ್ವಲ್ಪವಾದರೂ ಆಧಾರ. ಪ್ರಮಾಣಪತ್ರದಲ್ಲಿ ಒಂದೇ ಕೊರತೆ ಇದ್ದರೆ ಈ ಬಾಗಿಲು ತೆರೆಯುವುದಿಲ್ಲ.

ಪೆಟ್ಟಾದ ಕೂಡಲೇ ಖಾಯಂ ಪ್ರಮಾಣಪತ್ರ ಸಿಗುವುದು ಕಷ್ಟ, ಯಾಕೆಂದರೆ ಮಿದುಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟರೆ ಅದರ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅದು ಮುಗಿದರೆ ಪಿಂಚಣಿಯೂ ನಿಲ್ಲಬಹುದು.

ರಸ್ತೆ ಅಪಘಾತದ ಪರಿಹಾರ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳ ಗಡುವು ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಬಂದದ್ದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಕಾಲದವರು "ನಿಧಾನ ಹಾಕಿದರೂ ನಡೆಯುತ್ತದೆ" ಎನ್ನುತ್ತಾರೆ, ಅದನ್ನು ನಂಬಬೇಡಿ. ಗಡುವು ದಾಟಿದ್ದರೂ ಕೈಬಿಡಬೇಡಿ, ವಕೀಲರನ್ನು ಕೇಳಿ. ಅಪಘಾತ ಶಿರಾಡಿ ಘಾಟಿಯಲ್ಲೋ ಹಾಸನದಲ್ಲೋ ಆಗಿದ್ದರೂ ನೀವು ವಾಸವಿರುವ ಮಂಗಳೂರು ಅಥವಾ ಉಡುಪಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ರೋಗಿಯನ್ನು ಕರೆದುಕೊಂಡು ಘಟ್ಟ ಹತ್ತಬೇಕಿಲ್ಲ.

ತಪ್ಪು ಯಾರದೆಂದು ತೋರಿಸದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುವ ದಾರಿಯೂ ಅದೇ ಕಾಯ್ದೆಯಲ್ಲಿದೆ, 164ನೇ ಸೆಕ್ಷನ್. ಬೇಗ ಮುಗಿಯುತ್ತದೆ ಎಂದು ಇದಕ್ಕೆ ಸಹಿ ಹಾಕಲು ಆಸೆಯಾಗುತ್ತದೆ. ಆದರೆ ಜೀವನಪೂರ್ತಿ ಆರೈಕೆ ಬೇಕಾದವರಿಗೆ ಇದು ಏನೇನೂ ಸಾಲದು. ಎದುರಿನವರ ತಪ್ಪು ತೋರಿಸಲು ಸಾಧ್ಯವಿದ್ದರೆ 166ನೇ ಸೆಕ್ಷನ್ ಅಡಿ ಹೋಗುವುದೇ ಸರಿ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವುದು ಒಳ್ಳೆಯದೇ, ಆದರೆ ಯಾವಾಗ ಎನ್ನುವುದು ಮುಖ್ಯ. ಚೇತರಿಕೆ ಎಲ್ಲಿಗೆ ನಿಂತಿತು ಎಂದು ಗೊತ್ತಾಗುವ ಮೊದಲು, ಅಂಗವೈಕಲ್ಯದ ಅಳತೆ ಆಗುವ ಮೊದಲು ರಾಜಿಗೆ ಒಪ್ಪಬೇಡಿ.

ಶೇಕಡಾವಾರು ಎಂದರೆ ಎಲ್ಲವೂ ಅಲ್ಲ. ಸುಪ್ರೀಂ ಕೋರ್ಟ್ 2011ರ ಒಂದು ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ದುಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಹಾಗಲ್ಲ. ಅಂದರೆ ನೋಡಬೇಕಾದ್ದು ಆ ಕೊರತೆ ಆ ವ್ಯಕ್ತಿಯ ದುಡಿಮೆಗೆ ಏನು ಮಾಡಿತು ಎನ್ನುವುದನ್ನು. ಟೆಂಪೊ ಡ್ರೈವರಿಗೆ ದಾರಿ ನೆನಪಿಲ್ಲದಿದ್ದರೆ, ಕ್ಯಾಶಿಯರಿಗೆ ಲೆಕ್ಕ ಬಾರದಿದ್ದರೆ, ಹೋಟೆಲಿನ ಭಟ್ಟರಿಗೆ ಒಲೆ ಆರಿಸುವುದು ಮರೆತುಹೋದರೆ, ಅವರ ಕೈಕಾಲು ಗಟ್ಟಿಮುಟ್ಟಾಗಿದ್ದು ಏನು ಪ್ರಯೋಜನ? ಇದನ್ನು ನ್ಯಾಯಮಂಡಳಿಯ ಮುಂದೆ ವೈದ್ಯರು ಬಂದು ಹೇಳಬೇಕು. ಬರೀ ಪ್ರಮಾಣಪತ್ರ ಇಟ್ಟರೆ ಸಾಲದು. ನರಶಸ್ತ್ರಚಿಕಿತ್ಸಕರ ಜೊತೆಗೆ ಸೈಕಾಲಜಿಸ್ಟ್ ಅಥವಾ ಮನೋವೈದ್ಯರ ಸಾಕ್ಷಿಯನ್ನೂ ಕರೆಸಲು ನಿಮ್ಮ ವಕೀಲರಿಗೆ ಹೇಳಿ.

ಆರೈಕೆಯ ಖರ್ಚು ಇನ್ನೊಂದು ದೊಡ್ಡ ಬಾಬತ್ತು. 2007ರಲ್ಲಿ ತಂದೆತಾಯಿ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಗೆ ಲಾರಿ ಗುದ್ದಿ ಮಿದುಳಿಗೆ ತೀವ್ರ ಪೆಟ್ಟಾಯಿತು. ಅವಳ ಸ್ಥಿತಿ 9 ತಿಂಗಳ ಮಗುವಿನಂತಾಯಿತು. ನ್ಯಾಯಮಂಡಳಿ ಕೊಟ್ಟ ಪರಿಹಾರ ಸುಮಾರು 11 ಲಕ್ಷ. ಹೈಕೋರ್ಟ್ ಅದನ್ನು ಸುಮಾರು 25 ಲಕ್ಷಕ್ಕೆ ಏರಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ 62 ಲಕ್ಷಕ್ಕೂ ಹೆಚ್ಚು ಕೊಟ್ಟಿತು. ಅದರಲ್ಲಿ 21.6 ಲಕ್ಷ ನೋಡಿಕೊಳ್ಳುವವರಿಗಾಗಿಯೇ. ಇಬ್ಬರು ಆರೈಕೆದಾರರಿಗೆ ತಿಂಗಳಿಗೆ ತಲಾ 5,000 ಎಂದು ಹಿಡಿದು, ವರ್ಷದ ಮೊತ್ತವನ್ನು 18ರಿಂದ ಗುಣಿಸಿ ಲೆಕ್ಕ ಹಾಕಿದರು. "ಅಮ್ಮನೇ ನೋಡಿಕೊಳ್ಳುವುದಲ್ವಾ, ಅದಕ್ಕೆಂತ ದುಡ್ಡು ಕೇಳುವುದು?" ಎಂದು ಸಂಕೋಚಪಡುವ ಮನೆಯವರು ಈ ತೀರ್ಪನ್ನು ವಕೀಲರ ಹತ್ತಿರ ಓದಿಸಿ ಕೇಳಬೇಕು. ಅಮ್ಮನ ದುಡಿಮೆಗೂ ಬೆಲೆ ಇದೆ. ನೋಟ್‌ಬುಕ್ಕಿನ ಎರಡೆರಡು ಸಾಲು ಉಪಯೋಗಕ್ಕೆ ಬರುವುದು ಇಲ್ಲಿ.

ಗುದ್ದಿದ ವಾಹನ ಸಿಗದೇ ಹೋದರೆ? ಗುದ್ದಿ ಓಡಿಹೋದ ಪ್ರಕರಣದಲ್ಲಿ ಗಂಭೀರ ಗಾಯಕ್ಕೆ 50,000, ಸಾವಾದರೆ 2 ಲಕ್ಷ ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಅರ್ಜಿ ಕೊಡುವುದು ತಹಶೀಲ್ದಾರ್ ಅಥವಾ ಸಹಾಯಕ ಕಮಿಷನರ್ ಕಚೇರಿಗೆ.

ಮಳೆಗಾಲದಲ್ಲಿ ತಾನೇ ಸ್ಕಿಡ್ ಆಗಿ ಬಿದ್ದವರು "ನಮ್ಮದೇ ತಪ್ಪು, ಯಾರನ್ನು ಕೇಳುವುದು" ಎಂದು ಸುಮ್ನೆ ಇದ್ದುಬಿಡುತ್ತಾರೆ. ಗಾಡಿಯ ವಿಮೆ ಪಾಲಿಸಿ ತೆಗೆದು ನೋಡಿ. "ಓನರ್ ಡ್ರೈವರ್ ಪಿಎ ಕವರ್" ಎಂಬ ಸಾಲಿನ ಎದುರು ಪ್ರೀಮಿಯಂ ಕಟ್ಟಿದ್ದರೆ ಅದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಪೂರ್ತಿ ಮೊತ್ತ ಕೇಳಬಹುದು. ಗಾಡಿ ಬಿದ್ದವರ ಹೆಸರಿನಲ್ಲೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಅಣ್ಣನ ಗಾಡಿಯನ್ನು ತಮ್ಮ ಓಡಿಸಿದ್ದರೆ ಇದು ಸಿಗುವುದಿಲ್ಲ. ಹಿಂದೆ ಕುಳಿತವರಿಗೆ ಪೆಟ್ಟಾಗಿದ್ದರೆ, ಪಾಲಿಸಿ ಥರ್ಡ್ ಪಾರ್ಟಿ ಮಾತ್ರವೋ ಪ್ಯಾಕೇಜೋ ಎನ್ನುವುದರ ಮೇಲೆ ಅವರ ಪರಿಹಾರ ನಿಂತಿರುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ವಿಕಲಚೇತನರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ವಕೀಲರು ಸಿಗುತ್ತಾರೆ. ಹಲ್ಲೆಯಿಂದ ತಲೆಗೆ ಪೆಟ್ಟಾಗಿದ್ದರೆ ಸಂತ್ರಸ್ತರ ಪರಿಹಾರಕ್ಕೂ ಅರ್ಜಿ ಕೊಡುವುದು ಅಲ್ಲೇ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀಸ್ ಮಾತಾಡುವುದು ವಕೀಲರ ನಿಯಮಕ್ಕೆ ವಿರುದ್ಧ, ಇದು ನಿಮಗೆ ಗೊತ್ತಿರಲಿ.

ಕೆಲಸದ ಜಾಗದಲ್ಲಿ, ಮರದಲ್ಲಿ, ಸಮುದ್ರದಲ್ಲಿ ಆದ ಪೆಟ್ಟು

ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ, ಗೇರುಬೀಜ ಕಾರ್ಖಾನೆಯಿರಲಿ ಬಟ್ಟೆ ಅಂಗಡಿಯಿರಲಿ, ಇಎಸ್‌ಐ ಇದ್ದರೆ ಚಿಕಿತ್ಸೆಯ ಜೊತೆ ಸಂಬಳದ ಬದಲಿ ಹಣವೂ ಸಿಗುತ್ತದೆ. ಕೆಲಸಕ್ಕೆ ಸಂಬಂಧಿಸಿದ ಅಪಘಾತವಾದರೆ ದಿನಗೂಲಿಯ ಶೇ. 90. ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ ಆದದ್ದೂ ಲೆಕ್ಕಕ್ಕೆ ಬರುತ್ತದೆ. ಬೇರೆ ಕಾರಣಕ್ಕೆ ಕಾಯಿಲೆ ಬಿದ್ದರೆ ಶೇ. 70, ವರ್ಷಕ್ಕೆ 91 ದಿನ. ಸ್ಟ್ರೋಕಿನಿಂದ ಒಂದು ಬದಿ ಬಿದ್ದುಹೋದಂಥ ದೀರ್ಘ ಕಾಯಿಲೆಗೆ ಅದಕ್ಕಿಂತ ಹೆಚ್ಚು ಕಾಲ, ಶೇ. 80ರ ದರದಲ್ಲಿ. ಮಾಲೀಕರು ಅಪಘಾತದ ವರದಿ ಕಳಿಸಿದ್ದಾರೆಯೇ ಎಂದು ನೀವೇ ವಿಚಾರಿಸಿ.

ಪಿಎಫ್ ಇದ್ದವರು ಪಿಂಚಣಿಯ ವಿಷಯ ಮರೆಯುತ್ತಾರೆ. ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾಗದ ಸ್ಥಿತಿ ಬಂದರೆ ಹತ್ತು ವರ್ಷ ಸೇವೆ ಆಗಿರಬೇಕೆಂಬ ಷರತ್ತು ಅನ್ವಯಿಸುವುದಿಲ್ಲ. ಒಂದು ತಿಂಗಳ ವಂತಿಗೆ ಬಿದ್ದಿದ್ದರೂ ಅಂಗವೈಕಲ್ಯ ಪಿಂಚಣಿ ಕೇಳಬಹುದು. ಕೆಲಸಕ್ಕೆ ರಾಜೀನಾಮೆ ಬರೆದುಕೊಡಿ ಎಂದು ಕಂಪನಿ ಹೇಳಿದರೆ, ಇದನ್ನೆಲ್ಲ ತಿಳಿದುಕೊಳ್ಳುವವರೆಗೆ ಸಹಿ ಹಾಕಬೇಡಿ.

ಮೀನುಗಾರರಿಗೆ ಮತ್ಸ್ಯ ಸಂಪದ ಯೋಜನೆಯಡಿ ಸಾಮೂಹಿಕ ಅಪಘಾತ ವಿಮೆ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000. ನಿಮ್ಮ ಮೀನುಗಾರರ ಸಹಕಾರಿ ಸಂಘದಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಹೆಸರು ನೋಂದಣಿಯಾಗಿದೆಯೇ ನೋಡಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಯಾವುದೂ ಇಲ್ಲದ ಕೂಲಿ ಕೆಲಸದವರಿಗೂ, ಕೆಲಸದ ವೇಳೆ ಪೆಟ್ಟಾದರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ.

ಸಣ್ಣ ಮೊತ್ತಗಳು

ಪಾಸ್‌ಬುಕ್ ಬಿಡಿಸಿ ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳನ್ನು ನೋಡಿ. 20 ರೂಪಾಯಿ ಕಡಿತವಾಗಿ ಪಿಎಂಎಸ್‌ಬಿವೈ ಎಂದು ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ ಎಂದರ್ಥ. ಅಪಘಾತದಿಂದ ಎರಡೂ ಕೈ ಅಥವಾ ಎರಡೂ ಕಾಲು ಸ್ವಾಧೀನ ತಪ್ಪಿದರೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಆದರೆ 1 ಲಕ್ಷ. ನೆನಪು ಹೋದದ್ದಕ್ಕೆ ಇದರಲ್ಲಿ ಏನೂ ಇಲ್ಲ. ಬ್ಯಾಂಕಿಗೆ 30 ದಿನದೊಳಗೆ ಕ್ಲೇಮ್ ಕೊಡಬೇಕು. ಗೃಹಸಾಲ, ವಾಹನ ಸಾಲ ಇದ್ದರೆ ಸಾಲದ ಜೊತೆ ವಿಮೆ ಮಾಡಿಸಿದ್ದಾರೆಯೇ, ಅದರಲ್ಲಿ ಅಂಗವೈಕಲ್ಯ ಸೇರಿದೆಯೇ ಎಂದೂ ಅದೇ ದಿನ ಕೇಳಿ. ಎಲ್‌ಐಸಿ ಪಾಲಿಸಿಯಲ್ಲಿ ಅಪಘಾತದ ರೈಡರ್ (ಪಾಲಿಸಿಗೆ ಸೇರಿಸಿದ ಹೆಚ್ಚುವರಿ ರಕ್ಷಣೆ) ಇದೆಯೇ ನೋಡಿ.

ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಶೇ. 40ರಿಂದ 75ರವರೆಗೆ ತಿಂಗಳಿಗೆ 800, ಅದಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ. ಆದಾಯ ಪ್ರಮಾಣಪತ್ರ, ಯುಡಿಐಡಿ, ಆಧಾರ್ ಜೋಡಿಸಿದ ಖಾತೆ ಬೇಕು. ಈ ಹಣದಲ್ಲಿ ತಿಂಗಳ ಡಯಾಪರ್ ಖರ್ಚೂ ಹುಟ್ಟುವುದಿಲ್ಲ ಎನ್ನುವುದು ನಿಜ. ಆದರೂ ಬಿಡಬೇಡಿ. ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರ ಮನೆಯವರಿಗೆ. ಮಿದುಳಿನ ಪೆಟ್ಟಿನವರನ್ನು ಹಗಲುರಾತ್ರಿ ನೋಡಿಕೊಳ್ಳುವವರನ್ನು ಯಾಕೆ ಬಿಟ್ಟರು ಎಂದು ನನಗೆ ಅರ್ಥವಾಗಿಲ್ಲ. ನಿಮ್ಮ ಶಾಸಕರಿಗೆ ಈ ಪ್ರಶ್ನೆ ಕೇಳಿ, ಪತ್ರ ಬರೆಯಿರಿ.

ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ವರಮಾನದ ಶೇ. 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ವಾಕರ್, ವೈದ್ಯಕೀಯ ನೆರವು ಇಂಥದ್ದಕ್ಕೆ ಪಂಚಾಯಿತಿ ಅಥವಾ ನಗರಸಭೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ವೀಲ್‌ಚೇರ್‌ನಂಥ ಸಲಕರಣೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿವರೆಗೆ ಇರುವವರಿಗೆ ಉಚಿತ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಸಿಗುತ್ತದೆ, ಆದರೆ ಖಾಸಗಿ ಬಸ್ಸುಗಳೇ ಓಡುವ ನಮ್ಮ ಊರಿನ ಹೆಚ್ಚಿನ ರೂಟುಗಳಲ್ಲಿ ಅದರ ಉಪಯೋಗ ಕಡಿಮೆ. ತೆರಿಗೆ ಕಟ್ಟುವವರು ಮನೆಯಲ್ಲಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಅವಲಂಬಿತರ ಅಂಗವೈಕಲ್ಯಕ್ಕೆ 75,000, ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ ಇದೆ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಕಚೇರಿ ಮೂಲಕ, ಪ್ರಧಾನಮಂತ್ರಿ ಪರಿಹಾರ ನಿಧಿಗೆ ಸಂಸದರ ಪತ್ರದ ಜೊತೆ ಅರ್ಜಿ ಹಾಕಬಹುದು. ಪ್ರಧಾನಮಂತ್ರಿ ನಿಧಿಗೆ ಚಿಕಿತ್ಸೆಯ ಅಂದಾಜು ಪಟ್ಟಿ ಬೇಕು, ಹಣ ಆಸ್ಪತ್ರೆಗೇ ಹೋಗುತ್ತದೆ. ಇನ್ನು ದೇವಸ್ಥಾನ, ಚರ್ಚು, ಜಮಾತಿನ ನೆರವು ನಮ್ಮ ಕರಾವಳಿಯಲ್ಲಿ ಬೇಗ ಸಿಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದರೆ ಸಂಪೂರ್ಣ ಸುರಕ್ಷಾ ವಿಮೆ ಇದೆಯೇ ಕೇಳಿ. ವಾಟ್ಸಾಪಿನಲ್ಲಿ ಫೋಟೋ, ಕ್ಯೂಆರ್ ಕೋಡ್ ಹಾಕಿ ಹಣ ಕೇಳುವುದಾದರೆ ಅದಕ್ಕೆಂದೇ ಬೇರೆ ಖಾತೆ ತೆರೆಯಿರಿ, ಲೆಕ್ಕ ಬರೆದಿಡಿ, ಗುರಿ ಮುಟ್ಟಿದ ಕೂಡಲೇ "ಸಾಕು" ಎಂದು ಹಾಕಿ. ಪ್ರಜ್ಞೆ ಇಲ್ಲದೆ ಮಲಗಿದವರ ಮುಖ ಎಲ್ಲರ ಫೋನಿನಲ್ಲಿ ಹರಿದಾಡುವುದು ಬೇಕೇ ಎಂದು ಒಮ್ಮೆ ಯೋಚಿಸಿ.

ಸಹಿ ಯಾರು ಹಾಕುವುದು?

ಹಣ ಬಂತು, ಖಾತೆ ಅವರ ಹೆಸರಿನಲ್ಲಿದೆ, ಅವರಿಗೆ ಸಹಿ ಮಾಡಲು ಆಗುವುದಿಲ್ಲ. ಎಷ್ಟೋ ಮನೆಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಹೆಂಡತಿಯಾದರೂ ಅಪ್ಪ ಆದರೂ ಬ್ಯಾಂಕು ಸುಮ್ನೆ ಹಣ ಕೊಡುವುದಿಲ್ಲ. ಹೆಬ್ಬೆಟ್ಟು ಒತ್ತಿಸಿ ಪವರ್ ಆಫ್ ಅಟಾರ್ನಿ ಮಾಡಿಸಿದರೆ, ಅರ್ಥಮಾಡಿಕೊಳ್ಳುವ ಶಕ್ತಿ ಇಲ್ಲದವರು ಬರೆದುಕೊಟ್ಟದ್ದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಬಹುವಿಧ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕರ ನೇಮಕಕ್ಕೆ ಅರ್ಜಿ ಹಾಕಬಹುದು. ಉಡುಪಿಯವರಿಗೆ ಮಣಿಪಾಲದ ರಜತಾದ್ರಿ, ದಕ್ಷಿಣ ಕನ್ನಡದವರಿಗೆ ಪಡೀಲಿನ ಜಿಲ್ಲಾಧಿಕಾರಿ ಕಚೇರಿ. ಅದು ಅನ್ವಯಿಸದವರಿಗೆ 2016ರ ಕಾಯ್ದೆಯ 14ನೇ ಸೆಕ್ಷನ್ ಅಡಿ ಸೀಮಿತ ಪಾಲಕತ್ವದ ದಾರಿ ಇದೆ. ಕೋಮಾದಲ್ಲಿರುವವರ ಪರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪಾಲಕರನ್ನು ನೇಮಿಸಿಕೊಂಡವರಿದ್ದಾರೆ. ಈ ಕೆಲಸವನ್ನು ಪರಿಹಾರದ ಕೇಸು ನಡೆಯುತ್ತಿರುವಾಗಲೇ ಶುರು ಮಾಡಿ, ಹಣ ಬಂದ ಮೇಲೆ ಅಲ್ಲ.

ನ್ಯಾಯಮಂಡಳಿ ಪರಿಹಾರದ ದೊಡ್ಡ ಪಾಲನ್ನು ಸಾಮಾನ್ಯವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಇದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೈಗೆ ಬಂದ ಹಣ ಯಾರದೋ ಮದುವೆಗೆ, ಮನೆ ರಿಪೇರಿಗೆ ಹೋಗದಂತೆ ಕಾಯುವುದು ಅದೇ. ಬಡ್ಡಿ ತಿಂಗಳು ತಿಂಗಳು ಬರುವ ಹಾಗೆ ಮಾಡಿಸಿಕೊಳ್ಳಿ. ಮಧ್ಯೆ ಆಪರೇಷನ್‌ಗೋ ಥೆರಪಿಗೋ ದೊಡ್ಡ ಮೊತ್ತ ಬೇಕಾದರೆ, ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಅವಧಿಗೆ ಮೊದಲೇ ಠೇವಣಿ ಬಿಡಿಸಲು ಅನುಮತಿ ಸಿಗಬಹುದು.